ಕಥೆಯ ನಾಯಕನಿಗಾಗಿ ಅತ್ತರೆ ಸಂಸಾರಕ್ಕೆ ದ್ರೋಹವೇ?

ಪ್ರಶ್ನೆ: “ನನಗೆ 36 ವರ್ಷ. ಮನೆ ಡೊಂಬಿವಲಿಯಲ್ಲಿ, ಕೆಲಸ ಮುಂಬಯಿಯ ಫೋರ್ಟ್‌ನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ಯಜಮಾನರು ಘಾಟ್‌ಕೋಪರ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್. ಅವರು ಮನೆ ಸೇರುವಾಗ ರಾತ್ರಿ ಹನ್ನೆರಡೂವರೆ. ನಾನು ಬೆಳಿಗ್ಗೆ ಐದಕ್ಕೆ ಏಳಬೇಕು. ಅವರ ವಾರದ ರಜೆ ಮಂಗಳವಾರ, ನನ್ನದು ಭಾನುವಾರ. ಮದುವೆಯಾಗಿ 14 ವರ್ಷವಾಯಿತು, 13 ವರ್ಷದ ಮಗಳಿದ್ದಾಳೆ, ಅತ್ತೆ ನಮ್ಮ ಜೊತೆಗಿದ್ದಾರೆ. ಹೇಳಿಕೊಳ್ಳುವಂಥ ತೊಂದರೆ ಯಾವುದೂ ಇಲ್ಲ.

ಕಳೆದ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬಳು ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಕಾದಂಬರಿಯೊಂದನ್ನು ಕೊಟ್ಟಳು. ಪ್ರೇಮಕಥೆ, ಆದರೆ ಮಾಯಾಲೋಕದಲ್ಲಿ ನಡೆಯುವಂಥದ್ದು. ಮೂರು ಭಾಗ, ಒಂದೊಂದೂ ಆರುನೂರು ಪುಟಕ್ಕೆ ಕಡಿಮೆಯಿಲ್ಲ. ನಾಯಕಿ ನಕ್ಷೆ ಬರೆಯುವವಳು. ನಾಯಕ ನದಿಯೊಂದರ ದೊರೆ. ಶಾಪದಿಂದಾಗಿ ಪ್ರತಿ ಅಮಾವಾಸ್ಯೆಗೆ ಅವಳನ್ನು ಮರೆತುಬಿಡುತ್ತಾನೆ. ಮರುದಿನ ಹೊಸಬನ ಹಾಗೆ ಬಂದು ಅವಳ ಹೆಸರು ಕೇಳುತ್ತಾನೆ, ಮತ್ತೆ ಮೊದಲಿನಿಂದ ಪ್ರೀತಿಸುತ್ತಾನೆ. ಕೊನೆಯಲ್ಲಿ ಅವನ ನದಿ ಬತ್ತಿದರೆ ಮಾತ್ರ ಶಾಪ ಬಿಡುತ್ತದೆ. ಅದನ್ನು ಮುಗಿಸಿದ ಸಂಜೆ ಲೋಕಲ್ ಟ್ರೈನ್‌ನಲ್ಲೇ ಅತ್ತುಬಿಟ್ಟೆ. ದಾದರ್‌ನಲ್ಲಿ ಹತ್ತಿದ ಹೆಂಗಸು ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು. ಒಂದು ವಾರ ಊಟ ಸೇರಲಿಲ್ಲ. ಈಗ ಮತ್ತೆ ಮೊದಲ ಭಾಗದಿಂದ ಶುರು ಮಾಡಿದ್ದೇನೆ, ರಾತ್ರಿ ಒಂದರವರೆಗೆ ಓದುತ್ತೇನೆ.

ಯಜಮಾನರು ಬಾಯಿ ತೆರೆದರೆ ರೇಗುತ್ತದೆ. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ‘ಓಯ್’, ‘ಕೇಳಿತಾ’, ಇಲ್ಲವಾದರೆ ಮಗಳನ್ನು ಕರೆದು ‘ನಿನ್ನ ಅಮ್ಮ ಎಲ್ಲಿ’. ಪುಸ್ತಕದ ರಕ್ಷಾಪುಟದ ಚಿತ್ರ ನೋಡಿ ಅತ್ತೆ, ಹೆಣ್ಣುಮಗು ದೊಡ್ಡವಳಾಗುತ್ತಿರುವ ಮನೆಯಲ್ಲಿ ಇಂಥದ್ದು ಬೇಡ ಎಂದರು. ಅಂದಿನಿಂದ ಪೇಪರಿನ ಬೈಂಡು ಹಾಕಿ ಓದುತ್ತಿದ್ದೇನೆ. ಕೆಲವು ಅಧ್ಯಾಯಗಳು ಗಂಡು ಹೆಣ್ಣಿನ ಖಾಸಗಿ ಸಂಗತಿಯನ್ನು ಬಿಚ್ಚಿ ಬರೆದಂಥವು. ಓದುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಆಮೇಲೆ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಮೊನ್ನೆ ನೋಡಿದರೆ ಮಗಳೂ ಅದನ್ನೇ ಕದ್ದು ಓದುತ್ತಿದ್ದಾಳೆ. ಇದು ಮಾನಸಿಕ ಕಾಯಿಲೆಯೇ? ಇಲ್ಲದ ಗಂಡಸಿಗಾಗಿ ಇರುವ ಗಂಡನಿಗೆ ದ್ರೋಹ ಮಾಡುತ್ತಿದ್ದೇನೆಯೇ? ಓದುವುದನ್ನು ಬಿಟ್ಟುಬಿಡಬೇಕೇ?”

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ, ಅವುಗಳ ಹಿಂದಿರುವ ಅಂಜಿಕೆ ಒಂದೇ. ಯಾರೋ ಕಲ್ಪಿಸಿದ ಒಬ್ಬ ಗಂಡಸು ನಿಮ್ಮ ಮನೆಯೊಳಗೆ ಬಂದು ಕೂತಿದ್ದಾನೆ, ಅವನನ್ನು ಒಳಗೆ ಕರೆದವರು ನೀವೇ ಎಂಬುದು ಆ ಅಂಜಿಕೆ. ಮೊದಲೇ ಹೇಳಿಬಿಡುತ್ತೇನೆ: ಇದು ಕಾಯಿಲೆಯಲ್ಲ, ದ್ರೋಹವೂ ಅಲ್ಲ. ಹಾಗೆಂದು, ಏನೂ ಆಗಿಲ್ಲ ನಿಶ್ಚಿಂತೆಯಿಂದಿರಿ ಎಂದು ಬರೆದು ಪತ್ರ ಮಡಚಿಡಲೂ ಮನಸ್ಸು ಬರುತ್ತಿಲ್ಲ. ನೀವು ಅತ್ತದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಏಳುವುದು ಕಂಡಿತು, ಪುಸ್ತಕಕ್ಕೆ ಬೈಂಡು ಹಾಕಿ ಬಚ್ಚಿಡುವುದು ಕಂಡಿತು.

ಕಾಯಿಲೆಯ ಮಾತು ಮೊದಲು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ. ವಿಡಿಯೊ ಗೇಮಿನ ಗೀಳಿಗೆ ಅದರಲ್ಲಿ ಜಾಗವಿದೆ, ಕಾದಂಬರಿ ಓದುವುದಕ್ಕೆ ಇಲ್ಲ. ಕಥೆ ಮುಗಿದ ಮೇಲೆ ಸಾವಿನ ಮನೆಯ ಮಂಕು ಕವಿಯುವುದನ್ನು ಮನಶ್ಶಾಸ್ತ್ರ ಬಹಳ ಹಿಂದೆಯೇ ಗಮನಿಸಿದೆ. ರೇಡಿಯೊ ಮತ್ತು ಟಿವಿಯಲ್ಲಿ ದಿನವೂ ಕಾಣಿಸಿಕೊಳ್ಳುವವರ ಜೊತೆ ಕೇಳುಗರು, ನೋಡುಗರು ಒಂದು ಬಗೆಯ ಏಕಮುಖ ಸ್ನೇಹ ಬೆಳೆಸಿಕೊಳ್ಳುತ್ತಾರೆ ಎಂದು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದರು. ಆ ಸ್ನೇಹಕ್ಕೆ ಸುಳ್ಳು ಎನ್ನುವಂತಿಲ್ಲ, ಏಕೆಂದರೆ ಈ ಬದಿಯ ಭಾವನೆ ನಿಜವಾದದ್ದೇ. ಆ ಬದಿಯಲ್ಲಿ ಯಾರೂ ಇಲ್ಲ, ಅಷ್ಟೇ. ಜನಪ್ರಿಯ ಟಿವಿ ಸರಣಿಯೊಂದು ಮುಗಿದಾಗ ನೋಡುಗರಿಗೆ ಏನಾಗುತ್ತದೆ ಎಂಬ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸಂಕಟ ಆಗುವುದು ಹೌದು, ನಿಜವಾದ ಅಗಲಿಕೆಯಷ್ಟು ತೀವ್ರವಲ್ಲ, ಒಂಟಿತನ ಇರುವವರಿಗೆ ತುಸು ಹೆಚ್ಚು ಎಂದು ಅದು ಕಂಡುಕೊಂಡಿತು. ಈ ಕೊನೆಯ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಬಗೆಯ ಕಾದಂಬರಿಯ ಕಟ್ಟಡವೂ ನಿಮ್ಮನ್ನು ಅಳಿಸುವಂತೆಯೇ ಇದೆ. ಸಲಹೆಗೆಂದು ನನ್ನ ಬಳಿ ಬರುವ ಹುಡುಗಿಯರ ದೆಸೆಯಿಂದ ನಾನೂ ಇಂಥ ಕೆಲವನ್ನು ಓದಿದ್ದೇನೆ. (ಯುದ್ಧ ಬಂದಾಗ ನನಗೆ ಆಕಳಿಕೆ ಬರುತ್ತದೆ. ಯಾವ ದೊರೆ ಯಾವ ಕೋಟೆ ಹಿಡಿದ ಎಂದು ಕೇಳಬೇಡಿ.) ಹೆಚ್ಚಿನವು ನಾಯಕಿಯ ‘ನಾನು’ ಎಂಬ ದನಿಯಲ್ಲಿ ನಡೆಯುತ್ತವೆ. ಆರುನೂರು ಪುಟ ಇನ್ನೊಬ್ಬಳ ‘ನಾನು’ವಿನಲ್ಲಿ ಉಸಿರಾಡಿದರೆ ಅವಳ ಎದೆಬಡಿತ ನಿಮ್ಮದಾಗುವುದು ಸಹಜ. ನಡುನಡುವೆ ನಾಯಕನ ದನಿಯಲ್ಲೂ ಅಧ್ಯಾಯಗಳು ಬರುತ್ತವೆ. ಅವನು ಹೊರಗೆ ಬಿರುಸಾಗಿ ಮಾತಾಡಿದರೂ ಒಳಗೆ ಕರಗುತ್ತಿದ್ದಾನೆ ಎಂಬುದು ನಾಯಕಿಗಿಂತ ಮೊದಲು ನಿಮಗೆ ತಿಳಿಯುತ್ತದೆ. ಮೊದಲ ಮುತ್ತಿಗೆ ಮುನ್ನೂರು ಪುಟ ಕಾಯಿಸುತ್ತಾರೆ. ಪ್ರತಿ ಭಾಗವೂ ಬಾಗಿಲ ಚಿಲಕದ ಮೇಲೆ ಕೈ ಇಟ್ಟ ಕ್ಷಣದಲ್ಲೇ ನಿಲ್ಲುತ್ತದೆ. ಇದು ಕಸುಬು, ಬಲ್ಲವರು ಮಾಡಿದ ಕೆಲಸ. ನೀವು ಅದಕ್ಕೆ ಸಿಕ್ಕಿಬಿದ್ದಿರಿ ಎಂದರೆ ಒಳ್ಳೆಯ ಓದುಗರು ಎಂದೇ ಅರ್ಥ.

ಇನ್ನು ‘ಇಂಥದ್ದು ಮನೆಯಲ್ಲಿ ಬೇಡ’ ಎಂಬ ನಿಮ್ಮ ಅತ್ತೆಯ ಮಾತು. ಮಗುವಿನ ಬಗ್ಗೆ ಅವರಿಗಿರುವ ಕಾಳಜಿ ಸರಿಯಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಮಾಯೆ ಬೆರೆತ ಪ್ರೇಮಕಥೆ ಹೊರಗಿನಿಂದ ಬಂದು ಹೆಂಗಸರ ತಲೆ ಕೆಡಿಸುವ ವಸ್ತು ಎಂದು ಅವರು ತಿಳಿದಿದ್ದರೆ ಅದು ನಿಲ್ಲುವ ಮಾತಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬಂದಾಗ ಉಷೆ ಮತ್ತು ಅನಿರುದ್ಧರ ಕಥೆಯನ್ನು ಅವರೂ ನೋಡಿರಬಹುದು. ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬನನ್ನು ಕಾಣುತ್ತಾಳೆ, ಎಚ್ಚರವಾದ ಮೇಲೆ ಅವನಿಲ್ಲದೆ ಹಾಸಿಗೆ ಹಿಡಿಯುತ್ತಾಳೆ. ಗೆಳತಿ ಚಿತ್ರಲೇಖೆ ಒಬ್ಬೊಬ್ಬ ರಾಜಕುಮಾರನ ಚಿತ್ರ ಬರೆದು ತೋರಿಸಿ, ಇವನೇ ಎಂದು ಗೊತ್ತಾದ ಮೇಲೆ ದ್ವಾರಕೆಯಲ್ಲಿ ಮಲಗಿದ್ದವನನ್ನು ಮಾಯೆಯಿಂದ ಹೊತ್ತು ತರುತ್ತಾಳೆ. 12ನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಕಂದರ್ಪದೇವ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಹೊರಡುತ್ತಾನೆ; ಅವಳೂ ಅವನನ್ನು ಕನಸಿನಲ್ಲೇ ಕಂಡಿರುತ್ತಾಳೆ. ನಾಗವರ್ಮ ಸುಮಾರು ಸಾವಿರ ವರ್ಷಗಳ ಹಿಂದೆ ಬಾಣಭಟ್ಟನಿಂದ ಕನ್ನಡಕ್ಕೆ ತಂದ ಕಥೆಯಲ್ಲಿ ಮಹಾಶ್ವೇತೆ ಸತ್ತ ಪ್ರಿಯಕರ ಮರಳಿ ಬರುತ್ತಾನೆಂದು ಅಚ್ಛೋದ ಸರೋವರದ ದಡದಲ್ಲಿ ಕಾಯುತ್ತಾಳೆ; ಶಾಪ, ಜನ್ಮಾಂತರ, ಮಾತಾಡುವ ಗಿಣಿ ಎಲ್ಲವೂ ಅದರಲ್ಲಿವೆ. ನಿಮ್ಮ ನದಿಯ ದೊರೆಗೆ ಅಲ್ಲಿ ನೆಂಟರು ಬೇಕಾದಷ್ಟು ಜನ ಸಿಗುತ್ತಾರೆ.

‘ಸುಧಾ’ 1965ರಲ್ಲಿ ಶುರುವಾಯಿತು, ‘ತರಂಗ’ 1983ರಲ್ಲಿ. ವಾರಪತ್ರಿಕೆಗಳ ಧಾರಾವಾಹಿಗಾಗಿ ಮುಂದಿನ ಸಂಚಿಕೆ ಯಾವಾಗ ಎಂದು ಕಾದ ಹೆಂಗಸರನ್ನು ಅವರ ಅತ್ತೆಯಂದಿರು ಬಯ್ದದ್ದು ಹೀಗೆಯೇ: ಒಲೆಯ ಮೇಲೆ ಹಾಲು ಉಕ್ಕುತ್ತದೆ, ಇವಳ ಕಣ್ಣು ಪುಸ್ತಕದಲ್ಲಿ. ನಿಮ್ಮ ಅತ್ತೆಯವರನ್ನು ಒಮ್ಮೆ ಸಮಯ ನೋಡಿ ಕೇಳಿ. ಅವರಲ್ಲೂ ಒಂದು ಬೈಂಡು ಹಾಕಿದ ಪುಸ್ತಕದ ನೆನಪು ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಈಗ ಮುಖ್ಯ ವಿಷಯ. ಕಥೆಯೊಂದು ಕಾಡುತ್ತಿದೆ ಎಂದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಮತ್ತೆ ಮತ್ತೆ ತೆರೆಯುವ ಪುಟ ಯಾವುದು ಎಂದು. ಹೆಚ್ಚಿನವರು ಯೋಚಿಸದೆ ಹೇಳಿಬಿಡುತ್ತಾರೆ, ಪುಸ್ತಕವೇ ಅಲ್ಲಿ ತೆರೆದುಕೊಳ್ಳುವಷ್ಟು ಬೆನ್ನು ಬಾಗಿರುತ್ತದೆ. ಒಬ್ಬರಿಗೆ ಅದು ಯುದ್ಧಕ್ಕೆ ಮುಂಚೆ ನಾಯಕ ನಾಯಕಿಯ ಪಾದರಕ್ಷೆಯ ದಾರ ಕಟ್ಟುವ ಪುಟ, ಮತ್ತೊಬ್ಬರಿಗೆ ಜ್ವರ ಬಂದವಳ ತಲೆಗೆ ತಣ್ಣೀರ ಬಟ್ಟೆ ಹಾಕುವ ಪುಟ. ಬಿಚ್ಚಿ ಬರೆದ ಅಧ್ಯಾಯವನ್ನು ಹೇಳುವವರು ಕಡಿಮೆ. ಸಂಕೋಚ ಒಂದು ಕಾರಣ ಇರಬಹುದು. ಆದರೆ ಸಂಕೋಚ ಬಿಟ್ಟು ಮಾತಾಡುವವರೂ ಕೊನೆಗೆ ಇಂಥ ಪುಟಕ್ಕೇ ಬರುತ್ತಾರೆ.

ಪ್ರೇಮ ಕಾದಂಬರಿಗಳನ್ನು ಓದುವ ಅಮೆರಿಕದ ಒಂದು ಊರಿನ ಹೆಂಗಸರನ್ನು ಮಾತಾಡಿಸಿ ಜಾನಿಸ್ ರಾಡ್‌ವೇ ಎಂಬ ಸಂಶೋಧಕಿ 1984ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನವಿಡೀ ಗಂಡ ಮಕ್ಕಳ ಬೇಕುಬೇಡ ನೋಡುವ ಆ ಹೆಂಗಸರಿಗೆ ಓದು ಎಂದರೆ ಮೊದಲಿಗೆ ತಮಗಾಗಿ ಎತ್ತಿಟ್ಟುಕೊಂಡ ಹೊತ್ತಾಗಿತ್ತು. ನಾಯಕನಲ್ಲಿ ಅವರು ಹುಡುಕುತ್ತಿದ್ದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಆರೈಕೆ: ಎಲ್ಲರನ್ನೂ ನೋಡಿಕೊಳ್ಳುವವಳನ್ನು ನೋಡಿಕೊಳ್ಳುವವನು. ಊರು ಬೇರೆ, ಕಾಲ ಬೇರೆ, ಆದರೆ ಡೊಂಬಿವಲಿಯಿಂದ ಹೊರಟು, ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ದೇಹ ಹೊರಗಿಟ್ಟು ಕೂತು ಓದುವ ಹೆಣ್ಣಿಗೆ ಆ ಮಾತನ್ನು ನಾನು ವಿವರಿಸಬೇಕಾಗಿಲ್ಲ.

ನಿಮ್ಮ ಪುಟ ಯಾವುದೆಂದು ನಾನು ಕೇಳಬೇಕಾಗಿಯೂ ಇಲ್ಲ. ಸಾವಿರದ ಎಂಟುನೂರು ಪುಟಗಳ ಕಥೆಯಲ್ಲಿ ನೀವು ನನಗೆ ಬರೆದದ್ದು ಒಂದೇ ಸಂಗತಿ: ಅವನು ಪ್ರತಿ ತಿಂಗಳೂ ಅವಳ ಹೆಸರು ಕೇಳುತ್ತಾನೆ. ಅದಾದ ಮೇಲೆ ನಾಲ್ಕು ಸಾಲು ಬಿಟ್ಟು, ಬೇರೆ ವಿಷಯವೆಂಬಂತೆ, ಗಂಡ ನಿಮ್ಮನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ ಎಂದಿದ್ದೀರಿ. ಇವೆರಡನ್ನೂ ಒಟ್ಟಿಗೆ ಇಟ್ಟು ಓದಿ. ತಿಂಗಳಿಗೊಮ್ಮೆ ಹೆಂಡತಿಯನ್ನೇ ಮರೆಯುವ ಗಂಡ ನಿಜವಾಗಿ ಸಿಕ್ಕಿದ್ದರೆ ನೀವು ನನಗೆ ಬರೆಯುತ್ತಿರಲಿಲ್ಲ, ನರರೋಗ ತಜ್ಞರ ಬಾಗಿಲಲ್ಲಿ ಕೂತಿರುತ್ತಿದ್ದಿರಿ. ಆ ನಾಯಕ ನಿಮಗೆ ಬೇಕಾಗಿಲ್ಲ. ನೀವು ಯಾರೆಂದು ಒಬ್ಬರು ಹೊಸದಾಗಿ ತಿಳಿದುಕೊಳ್ಳಲು ಬಯಸಬೇಕು, ಅದು ನಿಮಗೆ ಬೇಕಾಗಿದೆ.

ನಿಮ್ಮ ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು, ಅವರು ಇಲ್ಲಿಲ್ಲವಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಪರಸ್ಪರ ಹೆಸರು ಹೇಳದೆಯೇ ಮುದುಕರಾಗುತ್ತಾರೆ. ತಂದೆ ತಾಯಿಯನ್ನು ‘ಓಯ್’ ಎಂದದ್ದನ್ನೇ ಕೇಳಿ ಬೆಳೆದ ಹುಡುಗನಿಗೆ ಅದರಲ್ಲಿ ಅಸಡ್ಡೆ ಇದೆ ಎಂದು ಹೊಳೆಯುವುದೂ ಇಲ್ಲ. ಕೆಲವರಿಗೆ ಅದೇ ಸಲಿಗೆಯ ದನಿ. ನೀವೂ ಪತ್ರದ ಉದ್ದಕ್ಕೂ ಅವರನ್ನು ‘ಯಜಮಾನರು’ ಎಂದೇ ಬರೆದಿದ್ದೀರಿ. ಕಾದಂಬರಿಯ ನಾಯಕನಿಗೆ ಬೆಳಗಾದರೆ ಹಾಲಿನವನ ಲೆಕ್ಕ ಇಲ್ಲ, ಮನೆಸಾಲದ ಕಂತು ಇಲ್ಲ, ರಜೆ ಹಾಕಿ ಊರಿಗೆ ಹೋದ ಅಡುಗೆಯವನ ಬದಲಿಗೆ ಮತ್ತೊಬ್ಬನನ್ನು ಹುಡುಕುವ ತಲೆನೋವಿಲ್ಲ. ಅವನಿಗೆ ಇರುವ ಒಂದೇ ಉದ್ಯೋಗ ನಾಯಕಿಯನ್ನು ನೋಡುವುದು. ಹೋಟೆಲಿನ ಗಲ್ಲಾದಲ್ಲಿ ಇಡೀ ದಿನ ನಿಂತು ಬಂದವನನ್ನು ಅವನ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಗಂಡನೂ ಗೆಲ್ಲಲಾರ.

ನಿಮ್ಮ ಗಡಿಯಾರವನ್ನು ನೋಡಿ. ಅವರು ಬರುವಾಗ ಹನ್ನೆರಡೂವರೆ, ನೀವು ಏಳುವಾಗ ಐದು. ಒಬ್ಬರ ರಜೆ ಮಂಗಳವಾರ, ಇನ್ನೊಬ್ಬರದು ಭಾನುವಾರ. ಇಬ್ಬರೂ ಒಟ್ಟಿಗೆ ಎಚ್ಚರವಿರುವ ಹೊತ್ತು ದಿನಕ್ಕೆ ಅರ್ಧ ಗಂಟೆ ಆದೀತೇ? ಆ ಅರ್ಧ ಗಂಟೆಯಲ್ಲಿ ಗ್ಯಾಸ್ ಬುಕ್ ಮಾಡಿದೆಯಾ, ಮಗಳ ಫೀಸು ಕಟ್ಟಿದೆಯಾ ಎಂಬುದರಾಚೆಗೆ ಮಾತು ಹೋಗುವುದಿಲ್ಲ. ಪುಸ್ತಕ ನಿಮ್ಮಿಬ್ಬರ ನಡುವೆ ನುಗ್ಗಲಿಲ್ಲ. ಮೊದಲೇ ಖಾಲಿ ಬಿದ್ದಿದ್ದ ಹತ್ತರಿಂದ ಒಂದರವರೆಗಿನ ಹೊತ್ತಿನಲ್ಲಿ ಬಂದು ಕೂತಿತು. ಮೇಲೆ ನೆನಪಿಡಿ ಎಂದಿದ್ದ ಒಂಟಿತನ ಇದೇ. ಮನೆಯಲ್ಲಿ ನಾಲ್ಕು ಜನರಿದ್ದೂ, ಜಗಳ ಒಂದೂ ಇಲ್ಲದೆಯೂ ಅದು ಇರುತ್ತದೆ. ‘ಹೇಳಿಕೊಳ್ಳುವಂಥ ತೊಂದರೆ ಇಲ್ಲ’ ಎಂದು ಬರೆದಿದ್ದಿರಿ. ಹೇಳಿಕೊಳ್ಳಲು ಹೊತ್ತು ಸಿಕ್ಕಿಲ್ಲ ಎಂದು ನಾನು ತಿದ್ದಿಕೊಂಡು ಓದಿದೆ.

ಬಿಚ್ಚಿ ಬರೆದ ಅಧ್ಯಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವಾಗ ದೇಹ ಮನಸ್ಸು ಸ್ಪಂದಿಸುವುದು ಆರೋಗ್ಯದ ಲಕ್ಷಣ. ಶೃಂಗಾರ ಬರೆಯಲು ಕವಿ ರತ್ನಾಕರವರ್ಣಿ ನಾಚಲಿಲ್ಲ, ಓದಲು ನೀವು ನಾಚಬೇಕಾಗಿಲ್ಲ. ಗಂಡನ ಬಳಿ ಇರುವಾಗಲೂ ಪುಸ್ತಕದವನನ್ನು ನೆನೆದುಕೊಳ್ಳದೆ ಆಗುವುದೇ ಇಲ್ಲ ಎಂಬ ಸ್ಥಿತಿ ಬಂದರೆ ಮಾತ್ರ ಯಾರೊಡನೆಯಾದರೂ ಮಾತಾಡಬೇಕು.

ಹಾಗಾದರೆ ಏನು ಮಾಡುವುದು? ಪುಸ್ತಕ ಪೂರ್ತಿ ಬಿಡುವುದು ಮೇಲ್ನೋಟಕ್ಕೆ ಸುಲಭದ ದಾರಿ. ಅತ್ತೆಗೂ ಸಮಾಧಾನ. ಆದರೆ ಬಿಟ್ಟವರನ್ನು ನೋಡಿದ್ದೇನೆ: ಆ ಮೂರು ಗಂಟೆಗೆ ಮೊಬೈಲಿನ ರೀಲ್ಸ್ ಬಂದು ಸೇರುತ್ತವೆ, ಕಣ್ಣೀರೂ ಇಲ್ಲ, ಕಥೆಯೂ ಇಲ್ಲ, ಒಂದು ಗಂಟೆ ಕಳೆದದ್ದೂ ಗೊತ್ತಾಗುವುದಿಲ್ಲ. ಬಿಡಿಸಿದವರ ಮೇಲಿನ ಸಿಟ್ಟು ಬೇರೆ ಒಳಗೇ ಕುದಿಯುತ್ತದೆ, ಸಾರಿಗೆ ಉಪ್ಪು ಹೆಚ್ಚಾಯಿತು ಎಂಬ ಮಾತಿನಲ್ಲಿ ಹೊರಬರುತ್ತದೆ. ಈಗ ನಡೆಯುತ್ತಿರುವಂತೆಯೇ ನಡೆಯಲಿ ಎಂದರೆ ಅದೂ ಆಗದು. ವಯಸ್ಕರಿಗೆ ರಾತ್ರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ನಿಮಗೆ ಸಿಗುತ್ತಿರುವುದು ನಾಲ್ಕು. ವಾರಗಟ್ಟಲೆ ನಾಲ್ಕು ಗಂಟೆ ಮಲಗಿದ ಯಾರಿಗಾದರೂ ಎದುರಿನವರು ಬಾಯಿ ತೆರೆದರೆ ರೇಗುತ್ತದೆ, ಸಣ್ಣದಕ್ಕೂ ಅಳು ಬರುತ್ತದೆ. ನಿಮ್ಮ ರೇಗಿನಲ್ಲಿ ಗಂಡನ ಪಾಲೆಷ್ಟು, ನಿದ್ದೆಗೇಡಿನ ಪಾಲೆಷ್ಟು ಎಂದು ಈಗ ನಿಮಗೂ ತಿಳಿಯದು, ನನಗೂ ತಿಳಿಯದು.

ಆದ್ದರಿಂದ ಮೊದಲು ಮಾಡಬೇಕಾದ್ದು ಇದು. ಎರಡು ವಾರ ಪುಸ್ತಕವನ್ನು ಲೋಕಲ್‌ನಲ್ಲಿ ಮಾತ್ರ ಓದಿ. ಹೋಗುತ್ತ ಒಂದು ಗಂಟೆಗೆ ಮೇಲೆ, ಬರುತ್ತ ಅಷ್ಟೇ, ಕಡಿಮೆಯೇನಲ್ಲ. ರಾತ್ರಿ ಹತ್ತಕ್ಕೆ ದೀಪ ಆರಿಸಿ. ಅವರು ಬಂದಾಗ ಊಟ ಬಡಿಸಲು ಏಳಲೇಬೇಕೆಂಬ ರೂಢಿಯಿದ್ದರೆ ಈ ಎರಡು ವಾರ ಮುಚ್ಚಿಟ್ಟ ಊಟವನ್ನು ಅವರೇ ಬಡಿಸಿಕೊಳ್ಳಲಿ. ಹೋಟೆಲು ನಡೆಸುವವರಿಗೆ ಅನ್ನ ಹಾಕಿಕೊಳ್ಳಲು ಬಾರದೆ? ಇದರಲ್ಲಿ ಒಂದು ತೊಂದರೆಯಿದೆ. ಈಗಿರುವ ಆ ಚೂರು ಮಾತುಕತೆಯೂ ಹದಿನೈದು ದಿನ ನಿಲ್ಲುತ್ತದೆ, ಕಾರಣ ಮೊದಲೇ ಹೇಳದಿದ್ದರೆ ಮುನಿಸು ಎಂದುಕೊಳ್ಳುತ್ತಾರೆ. ಆದ್ದರಿಂದ ಹೇಳಿಯೇ ಮಾಡಿ. ಗಂಡನ ಬಗ್ಗೆ, ಮದುವೆಯ ಬಗ್ಗೆ ಯಾವ ತೀರ್ಮಾನಕ್ಕೂ ಈ ನಿದ್ದೆ ಆಗುವ ಮುಂಚೆ ಬರಬೇಡಿ.

ಅದಾದ ಮೇಲೆ ಅವರೊಡನೆ ಮಾತು. ರಾತ್ರಿ ಹನ್ನೆರಡೂವರೆಗೆ ಬೇಡವೇ ಬೇಡ. ತಿಂಗಳಿಗೆ ಒಂದು ರಜೆಯನ್ನಾದರೂ ಇಬ್ಬರೂ ಒಂದೇ ದಿನಕ್ಕೆ ತಂದುಕೊಳ್ಳಿ. ಅವರಿಗೆ ಭಾನುವಾರ ಸಿಗದು, ಹೋಟೆಲಿನವರ ಭಾನುವಾರ ನನಗೆ ಗೊತ್ತು, ನೀವೇ ಒಂದು ಮಂಗಳವಾರ ರಜೆ ಹಾಕಬೇಕಾದೀತು. ಮನೆಯಲ್ಲಿ ಅತ್ತೆಯ ಎದುರು ಆಗದ ಮಾತು ಹೊರಗೆ ಒಂದು ಲೋಟ ಚಹಾ ಮುಂದಿಟ್ಟುಕೊಂಡರೆ ಆಗುತ್ತದೆ. ಆರುನೂರು ಪುಟದ ಪುಸ್ತಕ ಕೊಟ್ಟು ಓದಿ ಎಂದು ದುಂಬಾಲು ಬೀಳಬೇಡಿ. ಆ ಒಂದು ಪುಟದ ಕಥೆಯನ್ನು ಬಾಯಲ್ಲಿ ಹೇಳಿ, ಇದನ್ನು ಓದಿ ಅತ್ತೆನೆಂದು ಹೇಳಿ, ನನ್ನ ಹೆಸರನ್ನು ನಿಮ್ಮ ಬಾಯಲ್ಲಿ ಕೇಳಬೇಕು ಅನ್ನಿಸುತ್ತದೆ ಎಂದು ನೇರವಾಗಿ ಹೇಳಿ. ‘ಅವನು ಹಾಗೆ ಮಾಡುತ್ತಾನೆ, ನೀವು ಮಾಡುವುದಿಲ್ಲ’ ಎಂಬ ವಾಕ್ಯ ಬಾಯಿಗೆ ಬಂದರೆ ಚಹಾ ಕುಡಿಯಿರಿ.

ಅವರು ನಗಬಹುದು. ‘ಈ ವಯಸ್ಸಿನಲ್ಲಿ ಇದೆಂಥದು ಮಾರಾಯ್ತಿ’ ಎನ್ನಬಹುದು. ನಾಲ್ಕು ದಿನ ಹೆಸರು ಕರೆದು, ಐದನೆಯ ದಿನ ಮತ್ತೆ ‘ಓಯ್’ಗೆ ಇಳಿಯಬಹುದು, ಅಮ್ಮನ ಎದುರು ಕರೆಯಲು ಅವರಿಗೆ ನಾಲಿಗೆ ಹೊರಳದೆಯೂ ಇರಬಹುದು. ಇದನ್ನೆಲ್ಲ ನನ್ನ ಕೋಣೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಗು ಬಂದ ಕೂಡಲೇ ಎದ್ದುಬರಬೇಡಿ. ಗಂಡಸರು ಗಲಿಬಿಲಿಯಾದಾಗ ಮೊದಲು ನಗುತ್ತಾರೆ. ಅವರಿಗೆ ಏನು ಬೇಕಾಗಿದೆ ಎಂದು ಕೇಳಲು ಮರೆಯಬೇಡಿ. ಎಂಟು ತಿಂಗಳಿನಿಂದ ಮನೆಗೆ ಬಂದರೆ ಹೆಂಡತಿಯ ಮುಖದ ಬದಲು ಪೇಪರಿನ ಬೈಂಡು ಕಾಣುತ್ತಿದೆ ಎಂದು ಅವರು ಹೇಳಿದರೆ, ಆ ಮಾತನ್ನು ಕೇಳಿಸಿಕೊಳ್ಳುವ ಸರದಿ ನಿಮ್ಮದು.

ಬೈಂಡನ್ನು ಕಿತ್ತುಹಾಕಿ. ಬಚ್ಚಿಟ್ಟ ವಸ್ತುವಿಗೆ ಇಲ್ಲದ ಬಣ್ಣ ಬರುತ್ತದೆ, ಬಚ್ಚಿಟ್ಟವರಿಗೆ ಕಳ್ಳತನದ ಭಾವ. ಕಥೆಯ ಬಗ್ಗೆ ಮಾತಾಡಲು ಒಬ್ಬರಿದ್ದರೆ ಅದರ ಹಿಡಿತ ಸಡಿಲವಾಗುತ್ತದೆ. ಪುಸ್ತಕ ಕೊಟ್ಟ ಸಹೋದ್ಯೋಗಿ ಇದ್ದಾಳೆ, ನಿಮ್ಮ ರೈಲು ಡಬ್ಬಿಯಲ್ಲಿ ದಿನವೂ ಸಿಗುವ ಗೆಳತಿಯರಿದ್ದಾರೆ. ಮುಂಬಯಿಯ ಕನ್ನಡ ಸಂಘಗಳಲ್ಲಿ ಪುಸ್ತಕದ ಮಾತಿಗೆ ಸೇರುವವರೂ ಉಂಟು. ಅಲ್ಲಿ ಹಿರಿಯರೊಬ್ಬರು ‘ಇದು ಸಾಹಿತ್ಯವೇ ಅಲ್ಲ’ ಎಂದಾರು, ಕಿವಿಗೆ ಹಾಕಿಕೊಳ್ಳಬೇಡಿ.

ಎರಡು ವಾರ ಚೆನ್ನಾಗಿ ಮಲಗಿದ ಮೇಲೂ ಮಂಕು ಹೋಗದಿದ್ದರೆ, ಹಿಂದೆ ಇಷ್ಟಪಡುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಪುಸ್ತಕ ಮುಟ್ಟದಿದ್ದರೂ ನಿದ್ದೆ ಬಾರದಿದ್ದರೆ, ಲೆಕ್ಕದ ಕೆಲಸದಲ್ಲಿ ತಪ್ಪುಗಳು ಹೆಚ್ಚಿದರೆ, ಆಗ ಇದು ಕಾದಂಬರಿಯ ವಿಷಯವಾಗಿ ಉಳಿಯುವುದಿಲ್ಲ. ಖಿನ್ನತೆ ಕೆಲವೊಮ್ಮೆ ಒಂದು ಕಥೆಯ ನೆಪ ಹಿಡಿದು ಹೊರಗೆ ಬರುತ್ತದೆ. ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವುದೂ ಬೇಡ, ಅಂದೇ ಹೇಳಿಕೊಳ್ಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕೊನೆಗೆ ಮಗಳ ವಿಷಯ. ಇಲ್ಲಿ ನಿಮ್ಮ ಅತ್ತೆಯ ಅಂಜಿಕೆಯಲ್ಲಿ ಹುರುಳಿದೆ. ಸಿನಿಮಾಕ್ಕೆ ಇರುವಂತೆ ಪುಸ್ತಕಕ್ಕೆ ನಮ್ಮಲ್ಲಿ ವಯಸ್ಸಿನ ಪ್ರಮಾಣಪತ್ರ ಇಲ್ಲ. ಹದಿಮೂರರವರಿಗೆ ಬರೆದದ್ದೂ ಮೂವತ್ತರವರಿಗೆ ಬರೆದದ್ದೂ ಅಂಗಡಿಯಲ್ಲಿ ಒಂದೇ ಬಗೆಯ ಚಂದದ ರಕ್ಷಾಪುಟ ಹೊತ್ತು ಅಕ್ಕಪಕ್ಕ ಕೂತಿರುತ್ತವೆ. ನಿಮ್ಮ ಕಾದಂಬರಿ ದೊಡ್ಡವರಿಗೆ ಬರೆದದ್ದು, ಹಾಗೆಂದೇ ಅವಳಿಗೆ ಹೇಳಿ. ಎಷ್ಟು ಪುಟ ಓದಿದೆ, ಆ ಅಧ್ಯಾಯಕ್ಕೆ ಬಂದೆಯಾ ಎಂದು ಪೊಲೀಸರ ಹಾಗೆ ಕೇಳಿದರೆ ಮುಂದಿನ ಪುಸ್ತಕ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಫೋನಿನಲ್ಲಿ ಸಿಗುತ್ತದೆ. ಕಥೆಯಲ್ಲಿ ಏನು ಹಿಡಿಸಿತು ಎಂದು ಮಾತು ಶುರು ಮಾಡಿ. ನಿಮಗೆ ಹಿಡಿಸಿದ್ದನ್ನೂ ಹೇಳಿ.

ನನ್ನ ಆತಂಕ ಮುತ್ತಿನ ಪುಟಗಳಿಗಿಂತ ಬೇರೆಯದರ ಬಗ್ಗೆ. ಈ ಬಗೆಯ ಕೆಲವು ಕಾದಂಬರಿಗಳ ನಾಯಕ ನಾಯಕಿಯ ಕಿಟಕಿಯ ಹೊರಗೆ ರಾತ್ರಿಯಿಡೀ ನಿಲ್ಲುತ್ತಾನೆ, ಅವಳ ಜೊತೆ ಮಾತಾಡಿದವನ ಕೈ ಮುರಿಯುತ್ತಾನೆ, ನೀನು ನನ್ನವಳು ಎಂದು ಗದರುತ್ತಾನೆ. ಓದುಗರಿಗೆ ಅದು ಸಿಹಿಯಾಗಿ ತೋರುತ್ತದೆ. ತೋರುವುದಕ್ಕೆ ಕಾರಣ, ಅವನ ದನಿಯ ಅಧ್ಯಾಯ ಓದಿ ಅವನ ಒಳಗನ್ನು ನಾವು ಕಂಡಿರುತ್ತೇವೆ. ಟ್ಯೂಷನ್ ಕ್ಲಾಸಿನ ಹೊರಗೆ ದಿನವೂ ಬೈಕ್ ನಿಲ್ಲಿಸಿಕೊಂಡು ಕಾಯುವ ಹುಡುಗನ ಒಳಗನ್ನು ಹಾಗೆ ತೆರೆದು ತೋರಿಸುವ ಅಧ್ಯಾಯ ಯಾವುದೂ ಇಲ್ಲ. ಬೇಡವೆಂದರೂ ಹೆಣ್ಣನ್ನು ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ ಅಪರಾಧ. ಇದನ್ನು ಬುದ್ಧಿವಾದದ ದನಿಯಲ್ಲಿ ಹೇಳಬೇಕಾಗಿಲ್ಲ. ಅವಳು ಕಥೆ ಹೇಳುವಾಗ ನಡುವೆ ತಡೆದು, ‘ಅವನು ಹಾಗೆ ಮಾಡಿದಾಗ ಅವಳು ಬೇಡ ಎಂದಿದ್ದರೆ ಅವನು ನಿಲ್ಲಿಸುತ್ತಿದ್ದನೇ?’ ಎಂದು ಕೇಳಿ. ಹದಿಮೂರು ವರ್ಷದ ಹುಡುಗಿಯರು ಈ ಪ್ರಶ್ನೆಗೆ ಕೊಡುವ ಉತ್ತರ ಎಷ್ಟೋ ಸಲ ಅಮ್ಮಂದಿರ ಉತ್ತರಕ್ಕಿಂತ ಖಡಕ್ಕಾಗಿರುತ್ತದೆ. ಉಳಿದ ಎರಡು ಭಾಗಗಳನ್ನು ಸದ್ಯಕ್ಕೆ ನಿಮ್ಮ ಕಪಾಟಿನಲ್ಲಿಡಿ. ಇನ್ನೂ ಕೆಲವು ವರ್ಷ ಬೇಡ, ಆಮೇಲೆ ನಾನೇ ಕೊಡುತ್ತೇನೆ ಎಂದು ಅವಳಿಗೆ ಹೇಳಿಯೇ ಇಡಿ. ಅಲ್ಲಿಯವರೆಗೆ ಅವಳ ವಯಸ್ಸಿಗೆ ಬರೆದ ಒಂದೆರಡನ್ನು ಅವಳ ಜೊತೆ ಹೋಗಿ ಕೊಂಡು ತನ್ನಿ, ನೀವೂ ಓದಿ.